ಜೋಡಿ

ಗುಮ್ಮಟದಾಗ ಒಮ್ಮೆ ಕೂಗಿದ್ರ ಏಳು ಸರತಿ ಅಂತಾರ.
ನಮ್ಮ ಟೀವಿದಾಗ ಎರಡ:
ಸುದ್ದಿ ಓದಾಕಿ, ಆಕಿ ಬಲಕ್ಕ
ಮಾಸಿದ ಸೀರಿ ಉಟ್ಟ ಇನ್ನೊಬ್ಬಾಕಿ.
ಒಂದು ತುಟಿ ಅಲುಗಿದ್ರ ಎರಡು ತುಟಿ,
ಒಂದು ಕುಂಕುಮಕ್ಕ ಎರಡು.
ಕ್ರಿಕೆಟ್ ಇದ್ದ ದಿನ ಇಪ್ಪತ್ತೆರಡು ಮಂದಿ ಫೀಲ್ಡಿಂಗ್.

ಬಂದೇನವಾಜ ಕಾಕಾ ಛತ್ರಿ ರಿಪೇರಿಯಾಂವ.
ವಿಜಾಪುರದಾಗ ಛತ್ರಿ ರಿಪೇರಿ!
ವರ್ಷಕ್ಕ ನಲವತ್ತು ದಿನ ಕೆಲಸ,
ಉಳಿದದ್ದು ಮಂದಿ ಮನಿ ರೇಡಿಯೋ, ಟೀವಿ, ಮಾತು.
ನಮ್ಮ ಪರದೆ ಮುಂದ ಕುಕ್ಕುರಗಾಲಿಲೆ ಕುಂತು ಹೇಳಿದ:
"ಅಕ್ಕಾರ, ನಿಮ್ಮ ಮನಿಗೆ ಇಬ್ಬರು ಬೀಗರು ಬರಾಕತ್ತಾರ.
ಒಬ್ಬಾಂವ ಟವರಿನಿಂದ ಸೀದಾ ಬರತಾನ,
ಇನ್ನೊಬ್ಬಾಂವ ಗುಮ್ಮಟ ನೋಡಕೊಂಡು
ತಡಾ ಮಾಡಿ ಬರತಾನ.
ಇಬ್ಬರನ್ನೂ ಒಂದ ಚಾಪಿ ಮ್ಯಾಲ ಕುಂದರಸೀರಿ."

ಅವ್ವ ನಕ್ಕಿದ್ದು ಭಾಳ ದಿನದ ಮ್ಯಾಲ.
ಖಾನಾವಳಿಗೆ ದಿನಾ ನೂರಿಪ್ಪತ್ತು ರೊಟ್ಟಿ,
ಮೊದಲ ಎರಡು ಒಲಿ ಹೊತ್ತತಿದ್ದೂ.
ಶಿವಕ್ಕ ತಾಳಿಕೋಟಿಗೆ ಹೋದ ಮ್ಯಾಲ
ಒಂದರ ಮ್ಯಾಲ ನೀರಿನ ಕೊಡ ಕುಂತೈತಿ.

ಮುರದ ಛತ್ರಿ ಕಡ್ಡಿ, ಒಂದು ಬಿದಿರು,
ಊದಿನಕಡ್ಡಿ ಡಬ್ಬಿಯ ತಗಡು, ಚಪ್ಪಟಿ ವಾಯರು ಎಂಟು ಮೊಳ.
ಕಾಕಾ ಗೇಣಿಲೆ ಅಳದ, ಹಲ್ಲಿಲೆ ವಾಯರು ಸುಲದ.
ಹಿಂದ ಉದ್ದಂದು ಒಂದು,
ಅದರ ಮುಂದ ವಾಯರು ಕಟ್ಟಿದ್ದು,
ಮುಂದಮುಂದ ಗಿಡ್ಡ, ಮತ್ತಿಷ್ಟು ಗಿಡ್ಡ,
ಮೀನಿನ ಎಲುಬಿನಂಗ.
"ಹಳೇ ಆಂಟೆನಾ ಕಿವಿ ಇದ್ದಂಗ, ಎಲ್ಲಾ ಕಡಿದೂ ಕೇಳತೈತಿ.
ಇದು ಬೆರಳು. ತೋರಿಸಿದ ಕಡಿದಷ್ಟ ಕೇಳತೈತಿ."

ನಾ ಮಾಳಿಗಿ ಮ್ಯಾಲ, ಬಿದಿರು ಹಿಡದು.
ಗುಮ್ಮಟದ ಗಿಳಿ ಹಿಂಡು ತಲಿ ಮ್ಯಾಲಿಂದ ಹಾದೂವು.
ಕೆಳಗಿಂದ ಓಣಿಗೆ ಓಣಿನ ಒದರತೈತಿ:
ಬಂತು.
ಹೋತು.
ಎಡಕ್ಕ! ನಿನ್ನ ಎಡಕ್ಕಲ್ಲೋ, ನಮ್ಮ ಎಡಕ್ಕ!
ಬಂತು ಬಂತು ಬಂತು, ಅಲ್ಲೇ ನಿಂದರು,
ಉಸಿರು ಬಿಡಬ್ಯಾಡ.

ಕೆಳಗ ಇಳದು ನೋಡತೇನಿ,
ಸುದ್ದಿ ಓದಾಕಿ ಒಬ್ಬಾಕಿನ.
ಕಿವಿಯೋಲಿ ಹಳ್ಳು ಸುದ್ಧಾ ಎಣಿಸಬೇಕು, ಅಷ್ಟು ಸ್ವಚ್ಛ.
ಓಣಿ ಚಪ್ಪಾಳಿ ಹೊಡೀತು.
ಅವ್ವ ಹಿಟ್ಟಿನ ಕೈಲೆ ಬಾಗಲದಾಗ ನಿಂತಳು,
ಆ ಬಲಗಡೆ ಖಾಲಿ ಜಾಗಾ ನೋಡಿದಳು,
ಹಂಚು ಕಾದೈತಿ ಅಂತ ಒಳಗ ಹೋದಳು.

ಮರುದಿನ ಮತ್ತ ಇಬ್ಬರು.
"ಕಾಗಿ ಕುಂತಿರಬೇಕು," ಅಂದ ಕಾಕಾ. ತಂತಿ ಬಿಗದ.
ನಾಡದ ಮತ್ತ ಇಬ್ಬರು.
"ಮಂಗ್ಯಾನ ಕೆಲಸ." ಕಲ್ಲು ಒಟ್ಟಿದ.
ಅದರ ಮರುದಿನ, ಗಾಳಿ.
ಹಂತಾ ಗಾಳಿ ಏನೂ ಇದ್ದಿದ್ದಿಲ್ಲ;
ಹಗ್ಗದ ಮ್ಯಾಲಿನ ಅರಿವಿ ಹಂಗ ಒಣಗಿ ನಿಂತಿದ್ದೂವು.

ನಾಕನೇ ಸರತಿ ಅವನ ಬೆನ್ನ ಹಿಂದ ನಾನೂ ಹತ್ತಿದೆ.
ಬಿದಿರು ಬರೇ ಎರಡು ಬೆರಳಷ್ಟು ತಿರುಗಿತ್ತು,
ಗುಮ್ಮಟದ ಕಡೆ.
ಬಿದಿರಿನ ಮ್ಯಾಲ, ನನ್ನ ಎದಿ ಎತ್ತರಕ್ಕ,
ಜ್ವಾಳದ ಹಿಟ್ಟಿನ್ಯಾಗ ಮೂಡಿದ ನಾಕು ಬೆರಳು.

ಕಾಕಾ ನೋಡಿದ. ನನ್ನ ನೋಡಿದ.
ಹೆಗಲ ಮ್ಯಾಲಿನ ಟವೆಲ್ಲಿಲೆ ಒರಿಸಿದ,
ತಿರುಗಿದ್ದನ್ನ ತಿರುಗಿದಂಗ ಬಿಟ್ಟು
ತಂತಿ ಬಿಗದ, ಈ ಸರತಿ ಭಾಳ ಬಿಗಿ.

ಕೆಳಗ ಅವ್ವ, ಯಾರೂ ಕೇಳದ,
ಪರಾತದಾಗಿನ ಹಿಟ್ಟಿಗೆ ಹೇಳಿದಂಗ ಹೇಳಿದಳು:
"ಒಬ್ಬಾಕಿನ ಕುಂತು ಇಡೀ ದೇಶದ ಸುದ್ದಿ ಓದಬೇಕಂದ್ರ...
ಯವ್ವಾ, ಬ್ಯಾಸರಾಗೂದಿಲ್ಲನು?"

"ಆಗತೈತ್ರಿ," ಅಂದ ಕಾಕಾ, ಮಾರಿ ತೊಳಕೊಂತ.
"ಇದು ಇನ್ನ ಕೆಡೂದಿಲ್ಲ."
ಮಜೂರಿ ಎಷ್ಟಾತು ಅಂದ್ರ
"ಚಿತ್ರ ಎರಡು ಬರತಾವು, ರೊಟ್ಟಿ ಎರಡು ಕೊಡ್ರಿ."

ಅವ್ವ ಮೂರು ಕೊಟ್ಟಳು,
ಮ್ಯಾಲ ಶೇಂಗಾ ಹಿಂಡಿ,
ಒಂದು ಉಳ್ಳಾಗಡ್ಡಿ, ಗುದ್ದಿದ್ದು.